ಉಸಿರಿಗೆ ಅಲುಗದ ಸದ್ದು

ನಮ್ಮ ಯಂತ್ರ ಕೆಡಲಿಲ್ಲ, ತಪ್ಪನ್ನೂ ಮಾಡಲಿಲ್ಲ. ಆಮೇಲೆ ನಡೆದ ವಿಚಾರಣೆಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅದು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿತ್ತು. ಓದಬೇಕಾದವರು ಓದಲಿಲ್ಲ. ಓದಿದ ನಾನು, ಹೇಳಬೇಕಾದವರಿಗೆ ಹೇಳಲು ಐದು ತಿಂಗಳು ತೆಗೆದುಕೊಂಡೆ.

ಮಲಪ್ರಭಾ ಸಾರಿಗೆ ಮಂಡಳಿಯ ಮೂವರು ಚಾಲಕರು ಒಂದೇ ಬೇಸಿಗೆಯಲ್ಲಿ ಸ್ಟೇರಿಂಗ್ ಹಿಡಿದಿದ್ದಾಗಲೇ ಹೃದಯಾಘಾತವಾಗಿ ಸತ್ತರು. ಮೂರನೆಯವನ ಬಸ್ಸು ಕಾಲುವೆಗೆ ಇಳಿದು ಹನ್ನೊಂದು ಪ್ರಯಾಣಿಕರೂ ಹೋದರು. ಹಾಗಾಗುವ ಮೊದಲೇ ಎಚ್ಚರಿಸುವ ಉಪಕರಣವೊಂದು ಬೇಕೆಂದು ಮಂಡಳಿ ಕೇಳಿತು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ರಾಯಾಪುರದಲ್ಲಿದ್ದ ನಮ್ಮ ಪ್ರಯೋಗಾಲಯ ಅದನ್ನು ಮಾಡಿಕೊಟ್ಟಿತು. ಸ್ಟೇರಿಂಗಿನ ಎರಡು ಕಡೆ ತೆಳು ಲೋಹದ ಪಟ್ಟಿ. ಚಾಲಕನ ಎರಡೂ ಅಂಗೈ ತಾಗಿದರೆ ಹೃದಯದ ವಿದ್ಯುತ್ತು ದಾಖಲಾಗುತ್ತದೆ. ಸೀಟಿನೊಳಗೆ ದಪ್ಪ ಬಟ್ಟೆಯಂಥ ಒಂದು ಹಾಸು. ಎಂಜಿನ್ನಿನ ನಡುಕವನ್ನು ಕಳೆದು, ಬೆನ್ನಿನ ಮೂಲಕ ಬರುವ ಹೃದಯದ ಸದ್ದನ್ನಷ್ಟೇ ಅದು ಉಳಿಸಿಕೊಳ್ಳುತ್ತದೆ. ದವಾಖಾನೆಯಲ್ಲಿ ವೈದ್ಯರು ಎದೆಗೆ ಕಿವಿಗೊಡುವುದು ಅರ್ಧ ನಿಮಿಷ. ನಮ್ಮ ಹಾಸು ದಿನಕ್ಕೆ ಎಂಟು ಗಂಟೆ, ತಿಂಗಳಿಗೆ ಇಪ್ಪತ್ತಾರು ದಿನ ಕೇಳುತ್ತಿತ್ತು.

ಚಾಲಕರು ಅದಕ್ಕೆ 'ಅತ್ತಿ', ಅಂದರೆ ಅತ್ತೆ, ಎಂದು ಹೆಸರಿಟ್ಟಿದ್ದರು. ಬಾಯಿ ಬಿಡುವುದಿಲ್ಲ, ಆದರೆ ಕೂತರೂ ಎದ್ದರೂ ಲೆಕ್ಕ ಇಡುತ್ತದೆ ಎಂದು.

ನಮ್ಮ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಒಂಬತ್ತು ಸಾವಿರದ ನಾನೂರ ಹನ್ನೆರಡು ಚುಕ್ಕೆಗಳಿದ್ದವು, ಒಬ್ಬೊಬ್ಬ ಚಾಲಕನಿಗೆ ಒಂದೊಂದು. ಹಸಿರು ಎಂದರೆ ಕ್ಷೇಮ, ಹಳದಿ ಎಂದರೆ ತಪಾಸಣೆ, ಕೆಂಪು ಎಂದರೆ ಬಸ್ಸು ತಾನೇ ನಿಧಾನವಾಗಿ ರಸ್ತೆಯ ಅಂಚಿಗೆ ನಿಲ್ಲಬೇಕು. ಮೊದಲ ವರ್ಷದಲ್ಲೇ ಒಂಬತ್ತು ಜನ ಬದುಕಿಕೊಂಡರು. ಹೃದಯಾಘಾತಕ್ಕೂ ಬಡಿತದ ಏರುಪೇರಿಗೂ ಸೇರದ ದಾಖಲೆಗಳನ್ನೆಲ್ಲ ಯಂತ್ರ 'ಇತರೆ' ಎಂಬ ಕಡತಕ್ಕೆ ತಳ್ಳುತ್ತಿತ್ತು. ಶ್ರಾವಣದ ಹೊತ್ತಿಗೆ ಆ ಕಡತ ಉಬ್ಬಿ ಜಾಗ ಸಾಲದಾಯಿತು. ಅಳಿಸುವ ಮೊದಲು ಒಮ್ಮೆ ಕಣ್ಣಾಡಿಸಲು ನನಗೆ ಹೇಳಿದರು. ನಾನು, ಮೇಧಾ ಜಾಲಿಹಾಳ, ಅಲ್ಲಿ ಸಂಕೇತಗಳ ವಿಶ್ಲೇಷಣೆ ಮಾಡುವ ಎಂಜಿನಿಯರ್.

ಹೆಚ್ಚಿನದೆಲ್ಲ ಕಸ. ಕೆಮ್ಮು, ಸೀಟಿನ ಸ್ಪ್ರಿಂಗಿನ ಕಿರುಗುಟ್ಟು, ಒಬ್ಬನಂತೂ ದಾರಿಯುದ್ದಕ್ಕೂ ತೊಡೆ ಬಡಿಯುತ್ತ ಭಜನೆ ಮಾಡುತ್ತಿದ್ದ. ಆದರೆ ಹದಿಮೂರು ಜನರ ದಾಖಲೆಗಳು ಮಾತ್ರ ಒಂದೇ ತಾಯಿಯ ಮಕ್ಕಳಂತೆ ಇದ್ದವು.

ಹೃದಯದ ಸದ್ದನ್ನು ನಾವು ಲಬ್–ಡಬ್ ಎನ್ನುತ್ತೇವೆ. ಆ ಡಬ್ ಅಸಲಿಗೆ ಎರಡು ಸದ್ದು. ಮೈಗೆ ರಕ್ತ ಕಳಿಸುವ ಕವಾಟ ಮೊದಲು ಮುಚ್ಚುತ್ತದೆ, ಶ್ವಾಸಕೋಶಕ್ಕೆ ಕಳಿಸುವ ಕವಾಟ ಕೂದಲೆಳೆಯಷ್ಟು ತಡವಾಗಿ. ಉಸಿರೆಳೆದಾಗ ಆ ಎರಡರ ನಡುವಿನ ಅಂತರ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗಿ ಎರಡೂ ಒಂದಾಗುತ್ತವೆ. ಈ ಹದಿಮೂರು ಜನರಲ್ಲಿ ಅಂತರ ಅಲುಗುತ್ತಲೇ ಇರಲಿಲ್ಲ. ಉಸಿರು ಎಳೆಯಲಿ, ಬಿಡಲಿ, ಎರಡು ಸದ್ದುಗಳು ಅಷ್ಟೇ ದೂರ.

ಸೀಟಿನ ದೋಷ ಇರಬೇಕೆಂದು ಹದಿಮೂರು ಸೀಟುಗಳನ್ನೂ ಬದಲಿಸಲು ಬರೆದೆ. ಹೊಸ ಸೀಟಿನಲ್ಲೂ ಅದೇ ಬಂತು. ಅವರ ಹಳೆಯ ಸೀಟುಗಳಲ್ಲಿ ಕೂತ ಬೇರೆ ಚಾಲಕರಿಗೆ ಬರಲಿಲ್ಲ. ಅಂದರೆ ಅದು ಮನುಷ್ಯರಲ್ಲೇ ಇತ್ತು.

ಪುಸ್ತಕ ತೆಗೆದರೆ ಮೊದಲನೇ ಅಧ್ಯಾಯದಲ್ಲೇ ಉತ್ತರವಿತ್ತು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆ ಹುಟ್ಟುವಾಗ ಪೂರ್ತಿ ಕೂಡಿಕೊಳ್ಳದೆ ತೂತು ಉಳಿದಿದ್ದರೆ, ಎಡಗಡೆಯ ರಕ್ತ ಬಲಗಡೆಗೆ ಸೋರುತ್ತಲೇ ಇರುತ್ತದೆ. ಬಲಗಡೆಗೆ ಹೊತ್ತುಗೊತ್ತಿಲ್ಲದೆ ಸದಾ ದುಡಿತ. ಮಗು ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ, ಮದುವೆಯಾಗುತ್ತದೆ. ನಲವತ್ತರ ಹೊತ್ತಿಗೆ ಹೃದಯ ಸೋಲಲು ಶುರುಮಾಡುತ್ತದೆ. ಸಕಾಲಕ್ಕೆ ಗೊತ್ತಾದರೆ ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ, ಕೊಡೆಯಂತೆ ಬಿಚ್ಚಿಕೊಳ್ಳುವ ಒಂದು ಬಿರಡೆ ಕೂರಿಸಿ ತೂತು ಮುಚ್ಚಬಹುದು. ಒಂದು ತಾಸಿನ ಕೆಲಸ.

ನನ್ನ ಮೇಲಧಿಕಾರಿ ಶೀಲವಂತ ಅವರ ಬಳಿಗೆ ಓಡಿದೆ. ಅವರು ಕೆಟ್ಟವರಲ್ಲ, ಕರಾರಿನ ಮನುಷ್ಯರು. ಪರದೆಯ ಮೇಲಿನ ಹದಿಮೂರು ಗೆರೆಗಳನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಚಾಲಕರ ಸಂಘದೊಡನೆ ಆದ ಒಪ್ಪಂದದ ಪ್ರಕಾರ ಯಂತ್ರ ಎರಡೇ ಸಂಗತಿ ಹೇಳಬಹುದು, ಮೂರನೆಯದನ್ನು ಹೇಳಿದರೆ ಎಲ್ಲರ ಸೀಟನ್ನೂ ಕಿತ್ತು ಹಾಕುತ್ತಾರೆ ಎಂದರು.

"ನಮ್ಮ ಮಷೀನು ಏನ್ ನೋಡ್ಬೇಕಂತ ಬರದೈತಿ, ಅಷ್ಟ ನೋಡ್ಬೇಕು ಮೇಧಾ. ಮ್ಯಾಲಿನವರಿಗೆ ಬರೀರಿ. ಅವರು ಹ್ಞೂಂ ಅನ್ನೂತನಕ ಒಬ್ಬರಿಗೂ ಸುದ್ದಿ ಹೋಗಬಾರದು."

ಬರೆದೆ. ಏಳು ವಾರಕ್ಕೆ ಉತ್ತರ ಬಂತು: ವಿಷಯ ಪರಿಶೀಲನೆಯಲ್ಲಿದೆ. ಮತ್ತೆ ಬರೆದೆ. ಆ ಪತ್ರವನ್ನು ಯಾವ ವಿಭಾಗಕ್ಕೆ ಕಳಿಸಬೇಕೆಂಬುದು ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು.

ಹದಿಮೂರರಲ್ಲಿ ಒಬ್ಬರೇ ಹೆಂಗಸು. ಪರದೆಯಲ್ಲಿ ಹೆಸರಿರುತ್ತಿರಲಿಲ್ಲ, ಸಂಖ್ಯೆ, ಡಿಪೋ, ಗಂಡೋ ಹೆಣ್ಣೋ ಅಷ್ಟೇ; ಆದರೆ ಆ ಡಿಪೋದಲ್ಲಿ ಬಸ್ಸು ಓಡಿಸುವ ಹೆಂಗಸು ಒಬ್ಬರೇ ಆದ್ದರಿಂದ ಹೆಸರು ಸಿಕ್ಕಿತು. ರೋಹಿಣಿ ಕಟ್ಟೀಮನಿ, ಮೂವತ್ತೊಂಬತ್ತು ವರ್ಷ, ಹುಬ್ಬಳ್ಳಿ–ಸವದತ್ತಿ ಮಾರ್ಗ. ಸೀಟು ಪರೀಕ್ಷೆಯ ನೆಪ ಮಾಡಿಕೊಂಡು ಅವರನ್ನು ಡಿಪೋದಲ್ಲಿ ಕಂಡೆ. ಹೊಸ ಸೀಟಿನಿಂದ ಬೆನ್ನು ನೋಯುತ್ತದೆ, ಹಳೆಯದನ್ನೇ ಹಾಕಿಕೊಡಿ ಎಂದು ಗದರಿಸಿಯೇ ಮಾತು ಶುರುಮಾಡಿದರು. ಎತ್ತರದ ಹೆಂಗಸು, ದನಿ ಗಟ್ಟಿ, ಆದರೆ ಮೂರು ಮೆಟ್ಟಿಲು ಹತ್ತಿ ಬಸ್ಸಿನೊಳಗೆ ಬಂದಾಗ ಒಂದು ಕ್ಷಣ ಕಂಬಿ ಹಿಡಿದು ನಿಂತರು. ಕಿಸೆಯಿಂದ ಪಂಪು ತೆಗೆದು ಬಾಯಿಗೆ ಎರಡು ಸಲ ಒತ್ತಿಕೊಂಡರು. ಹನ್ನೆರಡು ವರ್ಷದಿಂದ ದಮ್ಮು ಎಂದರು. ಪಂಪಿನಿಂದ ಕಡಿಮೆಯಾಗುತ್ತದೆಯೇ ಎಂದು ಕೇಳಿದೆ. ಇಲ್ಲ, ಆದರೆ ಡಾಕ್ಟರು ಬಿಡಬೇಡ ಎಂದಿದ್ದಾರೆ, ಬಿಟ್ಟಿಲ್ಲ ಎಂದರು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಸೀಟಿನ ನಟ್ಟು ಬಿಗಿ ಮಾಡಿ ಇಳಿದುಬಂದೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಸಂಕ್ರಾಂತಿಯ ಮಾರನೆಯ ದಿನ ಗದಗ ಡಿಪೋದ ಒಂದು ಚುಕ್ಕೆ ಗೋಡೆಯಿಂದ ಮಾಯವಾಯಿತು. ಚಾಲಕ ರಜೆಯಲ್ಲಿದ್ದಾನೆ ಎಂದುಕೊಂಡೆ. ಸಂಖ್ಯೆ ನೋಡಿದರೆ ಹದಿಮೂರರಲ್ಲಿ ಒಬ್ಬ. ಡಿಪೋಗೆ ಫೋನ್ ಮಾಡಿದೆ. ಮೂವತ್ತೆಂಟು ವರ್ಷದ ಆತ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಬಲಗಡೆ ಸ್ವಾಧೀನ ತಪ್ಪಿ ವಾಲಿದ್ದ, ಮಾತು ನಿಂತಿತ್ತು. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಸಾಮಾನ್ಯವಾಗಿ ಶ್ವಾಸಕೋಶದಲ್ಲೇ ಸಿಕ್ಕಿಬೀಳುತ್ತದೆ. ಇವನಲ್ಲಿ ಅದು ಹೃದಯದ ಗೋಡೆಯ ತೂತು ದಾಟಿ ಮಿದುಳಿಗೆ ಹೋಗಿತ್ತು. ಹೀಗಾಗಬಹುದೆಂದು ನನ್ನ ಎರಡನೆಯ ಪತ್ರದ ನಾಲ್ಕನೆಯ ಸಾಲಿನಲ್ಲಿ ನಾನೇ ಬರೆದಿದ್ದೆ.

ಶೀಲವಂತ ಅವರಿಗೆ ಹೇಳಿದೆ. ಅವರು, ಈಗಂತೂ ಇನ್ನೂ ಜಾಗ್ರತೆಯಿಂದ ಇರಬೇಕು, ವಕೀಲರನ್ನು ಕೇಳದೆ ಒಂದು ಅಕ್ಷರವನ್ನೂ ಹೊರಗೆ ಬಿಡಬಾರದು ಎಂದರು. ನಾನು ಎದ್ದು ಹೊರಗೆ ಬಂದು ಹಳೇ ಹುಬ್ಬಳ್ಳಿಯ ಆಟೋ ಹಿಡಿದೆ.

ರೋಹಿಣಿಯವರಿಗೆ ಅಂದು ವಾರದ ರಜೆ. ಅವರ ಗಂಡ ಯಲ್ಲೇಶ ಬ್ಯಾಟರಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ. ಅಂಗಡಿ ಮನೆಯ ಮುಂದೆಯೇ. ತಾಯಿ ಹನಮವ್ವ ಅಣ್ಣಿಗೇರಿಯಿಂದ ಬಂದು ಒಳಗೆ ಶೇಂಗಾ ಸುಲಿಯುತ್ತ ಕೂತಿದ್ದರು. ನನಗೆ ಚಹಾ ಕೊಟ್ಟರು. ನಾನು ಸುತ್ತಿ ಬಳಸದೆ ಹೇಳಿದೆ. ಹೃದಯದಲ್ಲಿ ಹುಟ್ಟಿನಿಂದ ತೂತು ಇರಬಹುದು, ನಾಳೆಯೇ ಹೋಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಎಂದೆ.

ರೋಹಿಣಿ ಹೆದರಲಿಲ್ಲ. "ಹಂಗಾದ್ರ ಇದು ದಮ್ಮಲ್ಲ?" ಎಂದಷ್ಟೇ ಕೇಳಿದರು.

"ಅಲ್ಲ ಅಂತ ಅನಸ್ತದ ಅಕ್ಕಾರ."

"ಎಷ್ಟ ದಿನದಿಂದ ಗೊತ್ತೈತಿ ನಿಮಗ?"

ಸುಳ್ಳು ಹೇಳಬಹುದಿತ್ತು. ಐದು ತಿಂಗಳು ಎಂದೆ.

ಅವರು ಎದ್ದು ಬಾಗಿಲ ಬಳಿ ಹೋಗಿ ಬೀದಿ ನೋಡುತ್ತ ನಿಂತರು. "ಐದು ತಿಂಗಳು ದಿನಾ ಐವತ್ತು ಮಂದಿನ್ನ ಕೂಡಿಸ್ಕೊಂಡ ಬಸ್ ಹೊಡದೇನಿ ಮೇಡಮ್ಮರ," ಎಂದರು. "ನಿಮ್ಮ ಗ್ವಾಡಿ ಮ್ಯಾಲ ನಾ ಹಸರಾಗೇ ಇದ್ನೇನು?"

ಹೌದು ಎಂದೆ. ಹಸಿರಾಗೇ ಇದ್ದಿರಿ.

ಯಲ್ಲೇಶ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತಿದ್ದ. ಹೆಂಡತಿಯನ್ನು ನೀರಿನ ಕೊಡ ಎತ್ತಲು ಕರೆದಾಗಲೆಲ್ಲ ನೆಪ ತೆಗೆಯುತ್ತಾಳೆ, ಮೈಗಳ್ಳಿ ಎಂದು ತಾನು ಎಷ್ಟೋ ಸಲ ಅಂದದ್ದನ್ನು ಅವನು ಅವತ್ತೇ, ನನ್ನೆದುರಿಗೇ ಹೇಳಿಕೊಂಡ. ರೋಹಿಣಿ ಅವನ ಕಡೆ ತಿರುಗಲಿಲ್ಲ.

ಆದರೆ ಆ ಮನೆಯಲ್ಲಿ ನನ್ನನ್ನು ಅಲ್ಲಾಡಿಸಿದ್ದು ಹನಮವ್ವ. ಮಡಿಲಿನ ಶೇಂಗಾ ಕೆಳಗೆ ಸುರಿದು ಅವರು ಮೆಲ್ಲಗೆ ಹೇಳಿದರು: "ಹಾಲು ಕುಡಿಯೂವಾಗ ಬೆವರತಿತ್ತವ್ವಾ ಕೂಸು. ಎರಡು ಗುಟುಕು ಕುಡೀತಿತ್ತು, ಬಿಟ್ಟು ಮುಲಗತಿತ್ತು, ಹಣಿ ತುಂಬ ಬೆವರು. ನರ್ಸಮ್ಮಗ ಹೇಳಿದ್ದೆ. ನಿನಗ ಹಾಲು ಕಡಿಮಿ, ಅದಕ್ಕ ಅಂದ್ಲು. ನಮ್ಮತ್ತಿ ಗ್ರಹಣದಾಗ ಹೊರಗ ಹೋಗಿದ್ದಿ ಅಂದ್ಲು."

ಯಂತ್ರ ತಿಂಗಳುಗಟ್ಟಲೆ ಕೇಳಿ ಕಂಡುಕೊಂಡದ್ದನ್ನು ಈ ತಾಯಿ ಮೂವತ್ತೊಂಬತ್ತು ವರ್ಷದ ಹಿಂದೆ ಎದೆಗೆ ಹಚ್ಚಿಕೊಂಡೇ ಕಂಡಿದ್ದರು. ಹಾಲು ಕುಡಿಯುವಾಗ ಮಗು ಬೆವರುವುದು ಹೃದಯದ ರೋಗದ ಹಳೆಯ ಗುರುತು.

ಎಕೋ ಮಾಡಿದವರು ಡಾಕ್ಟರ್ ರಿಯಾಜ್ ಸೌದಾಗರ, ಸರಕಾರಿ ದವಾಖಾನೆಯ ಹೃದಯ ತಜ್ಞರು. ಪರದೆಯ ಮೇಲೆ ಎರಡು ಕೋಣೆಗಳ ನಡುವೆ ಇಪ್ಪತ್ತೆರಡು ಮಿಲಿಮೀಟರಿನ ಬಿರುಕು ತೋರಿಸಿದರು. ಬಿರಡೆ ಕೂರುವಷ್ಟು ಅಂಚು ಇದೆ ಎಂದರು. ಶ್ವಾಸಕೋಶದ ಒತ್ತಡ ಸ್ವಲ್ಪ ಏರಿದೆ, ಅದನ್ನು ಕೊಳವೆ ಹಾಕಿ ಸರಿಯಾಗಿ ಅಳೆಯಬೇಕು, ಆದಷ್ಟು ಬೇಗ ಅಳೆದು ಅದೇ ಹೊತ್ತಿಗೆ ಮುಚ್ಚಿಬಿಡುವುದು ಒಳ್ಳೆಯದು ಎಂದರು. ರೋಹಿಣಿಯ ಹದಿನಾಲ್ಕು ವರ್ಷದ ಮಗಳನ್ನೂ ಪರೀಕ್ಷಿಸಿದರು. ಅವಳಿಗೆ ಏನೂ ಇರಲಿಲ್ಲ. ಆ ದಿನದ ಒಂದೇ ಒಳ್ಳೆಯ ಸುದ್ದಿ ಅದು.

ಆಮೇಲೆ ಶುರುವಾಯಿತು ನೋಡಿ.

ಹುಟ್ಟಿನಿಂದ ಬಂದ ಹೃದಯದ ತೂತು ಮುಚ್ಚಲು ಸರಕಾರದ ಯೋಜನೆ ಇತ್ತು, ಮಕ್ಕಳಿಗೆ. ಕಂಪ್ಯೂಟರಿನಲ್ಲಿ ವಯಸ್ಸು ಹದಿನೆಂಟು ದಾಟಿದರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ದೊಡ್ಡವರ ಹೃದಯಕ್ಕೂ ಯೋಜನೆ ಇತ್ತು. ಅಲ್ಲಿ ರೋಗಗಳ ಪಟ್ಟಿಯಲ್ಲಿ ಹುಟ್ಟಿನಿಂದ ಬಂದವು ಇರಲಿಲ್ಲ, ಮಕ್ಕಳ ವಿಭಾಗ ನೋಡಿ ಎಂದಿತ್ತು. ಮಂಡಳಿಯ ನೌಕರರ ವಿಮೆ, ನೌಕರಿಗೆ ಸೇರುವ ಮೊದಲೇ ಇದ್ದ ಕಾಯಿಲೆಗೆ ಅನ್ವಯಿಸುವುದಿಲ್ಲ ಎಂದಿತು. ರೋಹಿಣಿ ಕಟ್ಟೀಮನಿಯ ಕಾಯಿಲೆ ಆಕೆ ನೌಕರಿ ಸೇರುವ ಮೊದಲೇ ಇತ್ತು, ಆಕೆ ಮೊದಲ ಉಸಿರು ಎಳೆಯುವ ಮೊದಲೇ ಇತ್ತು. ಅದಕ್ಕೆ ಹೆಚ್ಚಿನ ದಾಖಲೆ ಯಾರು ತರುತ್ತಾರೆ? ಒಂದು ಕಿಟಕಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಧಾರವಾಡಕ್ಕೆ, ಧಾರವಾಡದವರು ಬೆಳಗಾವಿಗೆ. ಸೌದಾಗರ ಪ್ರತಿ ಸಲವೂ ಬೇರೆ ಬೇರೆ ಮಾತಿನಲ್ಲಿ ಅದೇ ಪ್ರಮಾಣಪತ್ರ ಬರೆದುಕೊಟ್ಟರು. ಒಮ್ಮೆ ಒಬ್ಬ ಗುಮಾಸ್ತ, ಹೃದಯಾಘಾತ ಆಗಿದ್ದರೆ ಕೂಡಲೇ ಮಂಜೂರಾಗುತ್ತಿತ್ತು ಎಂದು ನಿಜವಾದ ಕನಿಕರದಿಂದ ಹೇಳಿದ.

ವಿಮೆಯ ಅರ್ಜಿಯೊಡನೆ ಎಕೋ ವರದಿ ಡಿಪೋಗೆ ತಲುಪಿದ ದಿನವೇ ಗೋಡೆಯ ಮೇಲೆ ರೋಹಿಣಿಯ ಚುಕ್ಕೆ ಕೆಂಪಾಯಿತು. ಅವರನ್ನು ಬಸ್ಸಿನಿಂದ ಇಳಿಸಿ, ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆಯಲ್ಲಿ ಕೂರಿಸಿದರು. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ. ಯಂತ್ರಕ್ಕೆ ಕಾಯಿಲೆ ಕಂಡುಹಿಡಿಯಲು ಅಧಿಕಾರವಿರಲಿಲ್ಲ, ಶಿಕ್ಷೆ ಕೊಡಲು ಇತ್ತು. ನನ್ನನ್ನೂ ಅಮಾನತು ಮಾಡಿದರು, ಗೋಪ್ಯತೆ ಮುರಿದ ಆರೋಪದ ಮೇಲೆ. ಕಾರ್ಡು ಕಸಿದುಕೊಂಡರು, ಪರದೆ ಮುಚ್ಚಿತು. ಉಳಿದ ಹನ್ನೊಂದು ಜನರ ಹೆಸರು ನನಗೆ ಗೊತ್ತಿರಲಿಲ್ಲ. ಸಂಖ್ಯೆ, ಡಿಪೋ ಅಷ್ಟೇ ಗೊತ್ತಿದ್ದವು, ಸಂಖ್ಯೆಯಿಂದ ಹೆಸರು ತಿಳಿಯುವ ಪುಸ್ತಕ ಶೀಲವಂತರ ಕಪಾಟಿನಲ್ಲಿತ್ತು.

ಅವರಿಗೆ ಹೇಗೆ ಸುದ್ದಿ ಮುಟ್ಟಿಸುವುದೆಂದು ನಾನು ಮನೆಯಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದಾಗ ರೋಹಿಣಿ ಬಂದರು. ಮೊದಲ ಸಲ ನಮ್ಮ ಮನೆಗೆ. ಕಟ್ಟೆಯ ಮೇಲೆ ಕೂತು ದಮ್ಮು ಇಳಿಸಿಕೊಂಡರು. ಆಮೇಲೆ, ಆ ಸದ್ದನ್ನು ಕಿವಿಯಿಂದ ಕೇಳಲು ಬರುತ್ತದೆಯೇ ಎಂದು ಕೇಳಿದರು.

ಬರುತ್ತದೆ. ನೂರು ವರ್ಷಕ್ಕೂ ಮೊದಲಿನಿಂದ ವೈದ್ಯರು ಹಾಗೆಯೇ ಕೇಳುತ್ತ ಬಂದಿದ್ದಾರೆ. ಸಮಯ ಕೊಟ್ಟು ಕೇಳಬೇಕು, ಅಷ್ಟೆ. ನಾನು ಸ್ಟೆತಾಸ್ಕೋಪು ತಂದು ಮೊದಲು ನನ್ನ ಎದೆಯ ಎಡಭಾಗದಲ್ಲಿ, ಎರಡನೆಯ ಪಕ್ಕೆಲುಬಿನ ಕೆಳಗೆ ಇಟ್ಟುಕೊಂಡು ಅವರ ಕಿವಿಗೆ ಕೊಟ್ಟೆ. ಮೆಲ್ಲಗೆ ಉಸಿರೆಳೆದು ಬಿಟ್ಟೆ. ಆಮೇಲೆ ಅವರದೇ ಎದೆಯ ಮೇಲೆ ಇಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ವಾರ ದಿನಾ ಬಂದರು. ಎಂಟನೆಯ ದಿನ ನಮ್ಮ ಓಣಿಯ ಹತ್ತು ಜನರ ಎದೆ ಕೇಳಿ, ಅವರಲ್ಲಿ ಒಬ್ಬ ಮುದುಕನ ಕವಾಟದಲ್ಲಿ ಬೇರೇನೋ ಸಿಳ್ಳೆ ಬರುತ್ತದೆ ಎಂದರು. ಅದೂ ನಿಜವಾಗಿತ್ತು.

ಕಳೆದ ಸಾಮಾನಿನ ಕೋಣೆಯಲ್ಲಿ ಒಬ್ಬರಿಗೆ ಸಾಲುವಷ್ಟೂ ಕೆಲಸವಿರಲಿಲ್ಲ. ರೋಹಿಣಿ ಇದ್ದಬದ್ದ ರಜೆಯನ್ನೆಲ್ಲ ಹಾಕಿ, ನೌಕರರ ಪಾಸಿನಲ್ಲಿ ಡಿಪೋದಿಂದ ಡಿಪೋಗೆ ತಿರುಗಿದರು. ನವಲಗುಂದ, ರೋಣ, ಬೈಲಹೊಂಗಲ, ರಾಮದುರ್ಗ. ಚಾಲಕರ ವಿಶ್ರಾಂತಿ ಕೋಣೆಯಲ್ಲಿ ಕೂತು ಮೂರು ಪ್ರಶ್ನೆ ಕೇಳುತ್ತಿದ್ದರಂತೆ. ಸಾಲ್ಯಾಗ ಓಡೂ ಪಂದ್ಯದಾಗ ಕಡೀಕ ಬರತಿದ್ದವರು ಯಾರು? ದಮ್ಮಿನ ಪಂಪು ಹೊಡದ್ರೂ ಕಡಿಮಿ ಆಗಲಾರದವರು ಯಾರು? ಸಣ್ಣವರಿದ್ದಾಗ ವರ್ಷಕ್ಕ ನಾಕು ಸಲ ನ್ಯುಮೋನಿಯಾ ಆದವರು ಯಾರು? ಗಂಡಸರು ಮೊದಲು ನಕ್ಕರಂತೆ. ಹೆಣ್ಣುಮಗಳೊಬ್ಬಳು ಎದೆ ಕೇಳುವುದೆಂದರೆ ನಾಚಿಕೆ. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ನಿಮ್ಮ ಕೈಯಿಂದಲೇ ಅಂಗಿಯೊಳಗೆ ಹಿಡಿದುಕೊಳ್ಳಿ, ಕಿವಿ ಮಾತ್ರ ನನ್ನದು ಎಂದು ಇವರು ಹೇಳುತ್ತಿದ್ದರು. ಗದಗದಲ್ಲಿ ಯಾರೂ ನಗಲಿಲ್ಲ. ಅಲ್ಲಿ ಸಾಲುಗಟ್ಟಿ ನಿಂತರು.

ನಾಲ್ಕು ತಿಂಗಳಲ್ಲಿ ಹನ್ನೊಂದರಲ್ಲಿ ಒಂಬತ್ತು ಜನರನ್ನು ಅವರು ಹುಡುಕಿದರು. ಸೌದಾಗರ ಎಕೋ ಮಾಡಿ ಖಚಿತಪಡಿಸಿದರು. ಜೊತೆಗೆ ನಮ್ಮ ಯಂತ್ರದ ಸೀಟಿನಲ್ಲಿ ಎಂದೂ ಕೂರದಿದ್ದ ಇಬ್ಬರೂ ಸಿಕ್ಕರು, ಒಬ್ಬ ಮೆಕ್ಯಾನಿಕ್, ಒಬ್ಬಳು ಕಸ ಗುಡಿಸುವಾಕೆ. ರೋಹಿಣಿ ಸೇರಿ ಒಟ್ಟು ಹನ್ನೆರಡು ಜನ. ಯೋಜನೆಗಳ ಮುಖ್ಯಾಧಿಕಾರಿ ಧಾರವಾಡದಲ್ಲಿ ಅಹವಾಲು ಕೇಳಲು ಬಂದ ದಿನ ಹನ್ನೆರಡೂ ಜನ ಎಕೋ ವರದಿ ಹಿಡಿದು ಒಟ್ಟಿಗೆ ಹೋದೆವು. ನಾನು ಹದಿಮೂರನೆಯವಳು, ಅಮಾನತಿನವಳು, ಹಿಂದಿನ ಸಾಲಿನಲ್ಲಿ.

ಅಧಿಕಾರಿ ತಾಳ್ಮೆಯಿಂದ ಎಲ್ಲ ವರದಿಗಳನ್ನೂ ತಿರುವಿದರು. ಇವೆಲ್ಲ ಮಕ್ಕಳಲ್ಲೇ ಪತ್ತೆಯಾಗಬೇಕಾದ ಕಾಯಿಲೆ, ಯೋಜನೆ ಇದ್ದದ್ದೂ ಅದಕ್ಕೇ, ನೀವು ಹದಿನೆಂಟರ ಒಳಗೆ ಬರಬೇಕಿತ್ತು ಎಂದರು.

ರೋಹಿಣಿ ಎದ್ದು ನಿಂತರು. "ಹದಿನೆಂಟರ ಒಳಗ ನಾ ಮೂರು ಸಲ ಬಂದಿದ್ದೆ ಸರ. ಏಳನೇತ್ತಾ ಇದ್ದಾಗ ಪಿಟಿ ಮಾಡೂವಾಗ ಬಿದ್ದೆ, ರಕ್ತ ಕಡಿಮಿ ಐತಿ ಅಂತ ಕಬ್ಬಿಣದ ಗುಳಿಗಿ ಕೊಟ್ಟು ಕಳಿಸಿದ್ರಿ. ಮುಂದ ಎರಡ ವರ್ಷಕ್ಕ ಬಂದ್ರ, ಹುಡುಗಿ ಸಾಲಿ ತಪ್ಪಸಾಕ ನಾಟಕ ಮಾಡ್ತಾಳ ಅಂತ ನಮ್ಮವ್ವಗ ಹೇಳಿದ್ರಿ. ಹದಿನೇಳಕ್ಕ ಬಂದಾಗ ಮದಿವಿ ಮಾಡ್ರಿ, ಎಲ್ಲಾ ಸರಿ ಹೋಗತೈತಿ ಅಂದ್ರಿ. ನಾವು ಹೊತ್ತಿಗೆ ಬಂದೇವಿ. ನೀವು ಕೇಳಿಲ್ಲ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಮೇಲಕ್ಕೆ ಬರೆಯುತ್ತೇನೆ ಎಂದರು. ಬರೆದರು ಕೂಡ. ಆದೇಶ ಬರಲು ಮತ್ತೆ ಎಂಟು ತಿಂಗಳು ಹಿಡಿಯಿತು: ಪಟ್ಟಿಯಲ್ಲಿ ಹೆಸರಿಸಿದ ಹನ್ನೆರಡು ವ್ಯಕ್ತಿಗಳಿಗೆ, ವಿಶೇಷ ಪ್ರಕರಣವೆಂದು ಪರಿಗಣಿಸಿ, ಒಂದು ಬಾರಿಗೆ ಮಾತ್ರ.

ರೋಹಿಣಿಯದೇ ಮೊದಲ ಸರದಿ. ಎಕೋ ಆಗಿ ಹದಿನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಯಲ್ಲೇಶ, ಹನಮವ್ವ, ನಾನು ಹೊರಗೆ ಬೆಂಚಿನ ಮೇಲೆ. ತಾಸು ಆಗುತ್ತದೆ ಎಂದಿದ್ದ ಸೌದಾಗರ ಮೂವತ್ತೈದು ನಿಮಿಷಕ್ಕೇ ಹೊರಗೆ ಬಂದರು. ಅವರ ನಡಿಗೆಯಲ್ಲೇ ನನಗೆ ಗೊತ್ತಾಯಿತು.

ಶ್ವಾಸಕೋಶದ ರಕ್ತನಾಳಗಳು ಇಷ್ಟು ವರ್ಷದ ಹೆಚ್ಚುವರಿ ಹೊಡೆತಕ್ಕೆ ದಪ್ಪಗಟ್ಟಿ ಬಿಗಿದುಹೋಗಿದ್ದವು. ಆಮ್ಲಜನಕ, ಔಷಧ ಎಲ್ಲ ಕೊಟ್ಟು ನೋಡಿದರೂ ಒತ್ತಡ ಇಳಿಯಲಿಲ್ಲ. ಇಂಥ ಸ್ಥಿತಿಯಲ್ಲಿ ಆ ತೂತೇ ಹೃದಯಕ್ಕೆ ಉಸಿರುಗಂಡಿ. ಅದನ್ನು ಮುಚ್ಚಿದರೆ ಬಲಗಡೆಯ ಕೋಣೆ ಒತ್ತಡ ತಾಳದೆ ಸೋತುಬಿಡುತ್ತದೆ. ಬಿರಡೆಯನ್ನು ಪೊಟ್ಟಣದಿಂದ ಹೊರಗೆ ತೆಗೆಯಲೇ ಇಲ್ಲ ಎಂದರು. ಮಾತ್ರೆಗಳಿವೆ, ಅವುಗಳ ಮೇಲೆ ಎಷ್ಟೋ ವರ್ಷ ಇರಬಹುದು, ಭಾರ ಎತ್ತಬಾರದು, ಬಸ್ಸು ಓಡಿಸುವಂತಿಲ್ಲ.

ನಾನು ಅವರನ್ನು ಪಕ್ಕಕ್ಕೆ ಕರೆದು, ಹದಿನಾಲ್ಕು ತಿಂಗಳ ಹಿಂದೆ ಅಳೆದಿದ್ದರೆ ಮುಚ್ಚಬಹುದಿತ್ತೇ ಎಂದು ಕೇಳಿದೆ. ಅದಕ್ಕೂ ಐದು ತಿಂಗಳ ಹಿಂದೆ?

"ಹೇಳ್ಲಿಕ್ಕೆ ಆಗೂದಿಲ್ಲ ಮೇಧಾ," ಎಂದರು. "ಮುಚ್ಚಬಹುದಿತ್ತೇನೋ. ಆಗಲೂ ಮೀರಿತ್ತೇನೋ. ನಂಗೂ ಗೊತ್ತಾಗೂದಿಲ್ಲ, ಯಾರಿಗೂ ಗೊತ್ತಾಗೂದಿಲ್ಲ."

ಮುಚ್ಚಬಹುದಿತ್ತು ಎಂದಿದ್ದರೆ ಯಾರನ್ನಾದರೂ ದೂರಬಹುದಿತ್ತು. ಮೀರಿತ್ತು ಎಂದಿದ್ದರೆ ನಾನು ನಿದ್ದೆ ಮಾಡಬಹುದಿತ್ತು. ಈ ಉತ್ತರದೊಂದಿಗೆ ಏನು ಮಾಡಬೇಕೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ರೋಹಿಣಿಗೆ ಎಚ್ಚರವಾದಾಗ ಸೌದಾಗರ ತಾವೇ ಹೇಳಿದರು. ಅವರು ಚಾವಣಿ ನೋಡುತ್ತ ಕೇಳಿಸಿಕೊಂಡರು. ಅಳಲಿಲ್ಲ. ಉಳಿದ ಹನ್ನೊಂದು ಮಂದಿಯ ಒತ್ತಡ ಎಷ್ಟಿದೆ ಎಂದು ಕೇಳಿದರು. ಹೆಚ್ಚಿನವರದು ಚೆನ್ನಾಗಿಯೇ ಇದೆ ಎಂದರು ಸೌದಾಗರ. ಹಾಗಾದರೆ ನಾಳೆಯಿಂದಲೇ ಅವರದನ್ನು ಹಿಡಿಯಿರಿ, ಆದೇಶ ಹಿಂದೆ ತೆಗೆದುಕೊಂಡಾರು ಎಂದು ಹೇಳಿ ಗೋಡೆಯ ಕಡೆ ಮಗ್ಗುಲಾದರು. ಆಗ ಹನಮವ್ವ ಅವರ ಬೆನ್ನ ಮೇಲೆ ಕೈ ಇಟ್ಟರು. ಇಬ್ಬರ ಭುಜವೂ ಅಲುಗುತ್ತಿದ್ದುದನ್ನು ನೋಡಲಾರದೆ ನಾನು ಹೊರಗೆ ಬಂದೆ.

ಹನ್ನೊಂದರಲ್ಲಿ ಹತ್ತು ಜನರ ತೂತು ಮುಚ್ಚಿತು. ಬೈಲಹೊಂಗಲದವನು ಮೂರನೆಯ ತಿಂಗಳು ಮತ್ತೆ ಬಸ್ಸಿಗೆ ಕೂತ. ಶೀಲವಂತರ ಕಪಾಟಿನಲ್ಲೇ ಹೆಸರು ಉಳಿದಿದ್ದ ಇಬ್ಬರಿಗೆ ಕೊನೆಗೆ ಮಂಡಳಿಯೇ ಪತ್ರ ಕಳಿಸಿತು. ಹೇಗೆಂದರೆ, ಯಂತ್ರದ ಹೊಸ ಆವೃತ್ತಿ ಬಂತು. ಹುಟ್ಟಿನಿಂದ ಬಂದ ಹೃದಯದ ದೋಷವನ್ನು ಪತ್ತೆಹಚ್ಚುವ ಮೊಟ್ಟಮೊದಲ ಬಸ್ಸು ಎಂದು ಪತ್ರಿಕೆಗಳಲ್ಲಿ ಫೋಟೋ ಬಂತು. ಶೀಲವಂತ ಹಾರ ಹಾಕಿಸಿಕೊಂಡು ನಿಂತಿದ್ದರು, ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಗದಗದ ಆ ಮನುಷ್ಯ ಈಗ ಎಡಗೈಯಿಂದ ಊಟ ಮಾಡಲು ಕಲಿತಿದ್ದಾನೆ, ಮಾತು ಬಂದಿಲ್ಲ. ವಿಚಾರಣೆ ನಡೆಸಿ, ಎಚ್ಚರಿಕೆ ಕೊಟ್ಟು ನನ್ನನ್ನು ಕೆಲಸಕ್ಕೆ ವಾಪಸು ತೆಗೆದುಕೊಂಡರು. ಗೋಡೆಯ ಮೇಲೆ ಈಗ ನಾಲ್ಕನೆಯ ಬಣ್ಣವಿದೆ, ನೀಲಿ. ನೀಲಿ ಬಂದವರನ್ನು ಬಸ್ಸಿನಿಂದ ಇಳಿಸುತ್ತಾರೆ. ಅಲ್ಲಿಂದ ಮುಂದೆ ಅವರು ಎಲ್ಲಿಗೆ ಹೋಗಬೇಕೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ.

ಕಳೆದ ಗುರುವಾರ ಮಧ್ಯಾಹ್ನ ನಿಯಂತ್ರಣ ಕೊಠಡಿಯಲ್ಲಿದ್ದಾಗ ರೋಹಿಣಿಯ ಫೋನ್ ಬಂತು. ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು, ಯಾರೋ ಅಸಹನೆಯಿಂದ ಗೊಣಗುತ್ತಿದ್ದರು. ಕಲ್ಯಾಣಮಂಟಪದಲ್ಲಿ ರೊಟ್ಟಿ ಬಡಿಯುವ ಐವತ್ತೆರಡು ವರ್ಷದ ಹೆಂಗಸೊಬ್ಬಳು, ಹೆಸರು ದ್ಯಾಮವ್ವ, ಮೊನ್ನೆ ಒಂದು ಮದುವೆಯಲ್ಲಿ ಸಿಕ್ಕಳಂತೆ. ಎದೆ ಕೇಳಿದರಂತೆ. ಸೌದಾಗರ ಎಕೋ ಮಾಡಿ, ಒತ್ತಡವನ್ನೂ ಅಳೆದರು, ಇನ್ನೂ ಮುಚ್ಚುವ ಸ್ಥಿತಿಯಲ್ಲಿದೆ ಎಂದರಂತೆ. ಕಾಗದ ಹಿಡಿದು ಯೋಜನೆಯ ಕಚೇರಿಗೆ ಬಂದರೆ, ಆದೇಶದ ಪಟ್ಟಿಯಲ್ಲಿ ಈ ಹೆಸರಿಲ್ಲ ಎನ್ನುತ್ತಿದ್ದಾರೆ.

"ಮತ್ತ ಮೊದಲಿಂದ ಅರ್ಜಿ ಹಾಕ್ರಿ ಅಂತಾರ," ಎಂದರು ರೋಹಿಣಿ. ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. "ನಾ ಏಳಂಗಿಲ್ಲ ಅಂದೇನಿ. ದ್ಯಾಮವ್ವನೂ ಕೂತಾಳ. ಐದಕ್ಕ ಬಾಗಲಾ ಹಾಕತೇವಿ ಅಂತಾರ, ಹಾಕ್ಲಿ, ಒಳಗ ಇರ್ತೇವಿ. ಇಲ್ಲಿ ಇನ್ನೊಂದ ಕುರ್ಚಿ ಖಾಲಿ ಐತಿ ಮೇಡಮ್ಮರ."

ಶೀಲವಂತ ತಮ್ಮ ಮೇಜಿನಿಂದ ನನ್ನನ್ನೇ ನೋಡುತ್ತಿದ್ದರು. ಅರ್ಧ ದಿನದ ರಜೆಯ ಚೀಟಿ ಬರೆದು ಅವರ ಮುಂದೆ ಇಟ್ಟೆ. ಅವರು ಓದಿದರು, ಕಾರಣ ಕೇಳಲಿಲ್ಲ, ಸಹಿ ಹಾಕಿ ನನ್ನ ಕಡೆ ಸರಿಸಿದರು. ಆಗ ಮೂರೂವರೆ. ಐದರ ಒಳಗೆ ಮುಟ್ಟಬೇಕಿ‌ತ್ತು.